ಹೆಸರು ಹಿಡಿದು ಕರೆಯೋಣ

(ಮುಂಬ್ರಾದಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹದ ಗಿರಾಕಿ ಬರುವುದರೊಳಗೆ ನಮಗೆ ಸಿಗುವ ಬಿಡುವು ಎರಡು ಗಂಟೆ. ಆ ಎರಡು ಗಂಟೆಯ ನಿದ್ದೆಯನ್ನು ಬಿಟ್ಟು ನೀವು ಇಲ್ಲಿ ಬಂದು ಕುಳಿತಿದ್ದೀರಿ. ಆದ್ದರಿಂದ ಮಾತನ್ನು ಬೆಳೆಸುವುದಿಲ್ಲ. ಪಗಾರ, ಬೋನಸ್ಸು, ವಾರದ ರಜೆ ಇವುಗಳ ವಿಷಯವಾಗಿ ಮಾತಾಡಬೇಕೆಂದು ಕಾರ್ಯದರ್ಶಿಗಳು ನಮಗೆ ತಿಳಿಸಿದ್ದರು. ಅವು ಮುಖ್ಯ ವಿಷಯಗಳೇ. ಆದರೆ ಅದಕ್ಕೆ ಮೊದಲು ತೀರಿಸಬೇಕಾದ ಹಳೆಯ ಬಾಕಿಯೊಂದು ನಮ್ಮ ಲೆಕ್ಕದಲ್ಲಿ ಉಳಿದಿದೆ. ಧಣಿಗಳಿಂದ ನಮಗೆ ಬರಬೇಕಾದ ಬಾಕಿಯನ್ನು ಕೇಳಲು ನಾವು ಕಲಿತಿದ್ದೇವೆ. ನಮ್ಮಿಂದ ನಮ್ಮವನಿಗೇ ಹೋಗಬೇಕಾದ ಬಾಕಿಯ ಮಾತನ್ನು ಇದುವರೆಗೆ ಯಾರೂ ಎತ್ತಿಲ್ಲ. ಇಂದು ಅದನ್ನು ಎತ್ತುತ್ತೇವೆ.

ಇಲ್ಲಿ ನಾವು ಎಂದರೆ ಮಾತಾಡುತ್ತಿರುವ ಈ ಒಬ್ಬ ಮನುಷ್ಯನಷ್ಟೇ ಅಲ್ಲ. ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯ ಒಂದು ಖೋಲಿಯಲ್ಲಿ ಸಾಲಾಗಿ ಮಲಗುತ್ತಿದ್ದ ಏಳು ಮಂದಿ. ಅವರಲ್ಲಿ ನಾಲ್ವರು ಈಗ ನಿಮ್ಮ ನಡುವೆಯೇ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ.

ಮುಂಬ್ರಾ ಎಂಥ ಊರೆಂದು ನಿಮಗೆ ಗೊತ್ತು. ಒಂದು ಕಡೆ ಪಾರಸಿಕ್ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವೆ ರೈಲು. ಬೇರೆ ಕಡೆ ಖೋಲಿ ಸಿಗದವರು ಬಂದು ಸೇರಿದ ಊರು ಇದು. 1992-93ರ ಗಲಭೆಯಲ್ಲಿ ಮನೆ ಕಳೆದುಕೊಂಡವರು, ಹೆದರಿ ಮನೆ ಬಿಟ್ಟವರು ಮುಂಬಯಿಯಿಂದ ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ನಮ್ಮಂಥವರು ಬಾಡಿಗೆ ಕಡಿಮೆಯೆಂದು ಬಂದೆವು. ಯಾರನ್ನು ಕೇಳಿದರೂ ಎಲ್ಲೋ ಒಂದು ಕಡೆ 'ನಿಮಗೆ ಕೊಡುವುದಿಲ್ಲ' ಎಂಬ ಮಾತನ್ನು ಕೇಳಿಯೇ ಇಲ್ಲಿಗೆ ಬಂದಿರುತ್ತಾರೆ. ಇಂಥ ಊರಿನಲ್ಲಾದರೂ ಒಬ್ಬರ ನೋವು ಇನ್ನೊಬ್ಬರಿಗೆ ತಿಳಿಯಬೇಕಾಗಿತ್ತು. ನಮಗೆ ತಿಳಿಯಲಿಲ್ಲ.

ನಾವು ಕುಂದಾಪುರದ ಕಡೆಯವರು. ಏಳನೇ ತರಗತಿ ಮುಗಿಸಿ, ಹದಿನಾಲ್ಕನೇ ವರ್ಷಕ್ಕೆ, ಊರಿನ ಒಬ್ಬ ಭಟ್ಟರ ಬೆನ್ನು ಹಿಡಿದು ಬಸ್ಸು ಹತ್ತಿದೆವು. ಮೊದಲ ದಿನವೇ ಗಲ್ಲಾದಲ್ಲಿ ಕುಳಿತವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಇವನನ್ನು ಮೋರಿಗೆ ಹಾಕಿ" ಎಂದರು. ಹೆಸರು ಕೇಳಲಿಲ್ಲ. ಮೋರಿಯಲ್ಲಿ ಕಪ್ಪು-ಬಶಿ ತೊಳೆಯುತ್ತ ನಾವು 'ಚೋಟು' ಆದೆವು. ಆಫೀಸುಗಳಿಗೆ ಚಹ ಒಯ್ಯುವ ಕೆಲಸ ಸಿಕ್ಕಿದಾಗ 'ಬಾಹರ್‌ವಾಲಾ' ಆದೆವು. ಗಿರಾಕಿಗಳಿಗೆ ನಾವು ಕನ್ನಡದವರೋ ತಮಿಳರೋ ಎಂಬುದು ಬೇಕಾಗಿರಲಿಲ್ಲ, ಎಲ್ಲರೂ 'ಮದ್ರಾಸಿ'ಗಳು. 1966ರ ನಂತರದ ದಿನಗಳಲ್ಲಿ ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದಾಗ 'ಲುಂಗಿ' ಎಂಬ ಶಬ್ದವನ್ನೇ ಬೈಗುಳ ಮಾಡಿದ್ದರೆಂದು ಇಲ್ಲಿರುವ ಹಿರಿಯರು ನಮಗೆ ಹೇಳಿದ್ದಾರೆ. ಉಟ್ಟ ಬಟ್ಟೆಯನ್ನೇ ಮನುಷ್ಯನ ಹೆಸರು ಮಾಡಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರಬೇಕಾಗಿತ್ತು.

ಇನ್ನು ಆ ಹುಡುಗನ ವಿಷಯ.

ಕೊರೊನಾಕ್ಕೆ ಎರಡು ವರ್ಷ ಮೊದಲು, 2018ರ ಮಳೆಗಾಲದಲ್ಲಿ, ಅವನು ನಾವು ಕೆಲಸ ಮಾಡುತ್ತಿದ್ದ ಹೊಟೇಲಿಗೆ ಬಂದ. ಯಲ್ಲಾಪುರ ತಾಲೂಕಿನವನು, ಸಿದ್ದಿ ಹುಡುಗ. ವಯಸ್ಸು ಇಪ್ಪತ್ತರ ಆಸುಪಾಸು. ಎಣ್ಣೆಗಪ್ಪು ಮೈ, ಗುಂಗುರು ಕೂದಲು, ಕೈಯಲ್ಲಿ ಒಂದು ಚೀಲ, ಹೆಗಲಿನ ಮೇಲೆ ಸುತ್ತಿದ ಕೌದಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲೊಬ್ಬ ಹಿಂದಿಯಲ್ಲಿ, "ಯಾವ ದೇಶ?" ಎಂದು ಕೇಳಿದ. ಅವನು ಕನ್ನಡದಲ್ಲಿ, "ಯಲ್ಲಾಪುರ ಅಣ್ಣ, ಶಿರಸಿ ಹತ್ರ" ಎಂದ. ಎಲ್ಲರೂ ಗೊಳ್ಳೆಂದು ನಕ್ಕೆವು. ಏಕೆ ನಕ್ಕೆವು ಎಂದು ಈಗ ಯೋಚಿಸಿದರೆ ಉತ್ತರ ಸಿಗುವುದಿಲ್ಲ. ಅವನ ಕನ್ನಡ ಶಾಲೆಯಲ್ಲಿ ಕಲಿತ ಶುದ್ಧ ಕನ್ನಡ. ನಮ್ಮ ಕುಂದಾಪುರದ ಮಾತಿಗೆ ಬೆಂಗಳೂರಿನವರು ನಗುತ್ತಾರೆ. ನಗಬೇಕಾದವನು ಅವನೇ ಆಗಿದ್ದ.

ಒಮ್ಮೆ ಕನ್ನಡದ ಗಿರಾಕಿಯೊಬ್ಬರು ಅವನನ್ನು ನೋಡಿ ಆಶ್ಚರ್ಯದಿಂದ, "ನಿನಗೆ ಕನ್ನಡ ಬರುತ್ತದಾ?" ಎಂದು ಕೇಳಿದರು. ಅವನು ಫಡ್ಕೆಯಿಂದ ಮೇಜು ಒರೆಸುತ್ತ, "ಬರುತ್ತದೆ ಸಾರ್. ನಿಮಗೂ ಬರುತ್ತದಲ್ಲ, ಸಂತೋಷ" ಎಂದ. ಅಂಥ ಹುಡುಗ ಅವನು. ಆದರೆ ಮೇಜು ಒರೆಸುವ ಕೆಲಸ ಅವನಿಗೆ ಒಂದು ವಾರ ಮಾತ್ರ ಸಿಕ್ಕಿತು. ಎಂಟನೇ ದಿನ ಅವನನ್ನು ಒಳಗೆ ಭಟ್ಟಿಗೆ ಹಾಕಿದರು. ಮುಂದೆ ನಿಂತರೆ ಗಿರಾಕಿಗಳಿಗೆ ಸರಿಬರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ನಾವೇ ಒದಗಿಸಿದೆವು: "ಅವನಿಗೆ ಬಿಸಿ ತಾಗುವುದಿಲ್ಲ ಬಿಡಿ, ಅವರ ಚರ್ಮವೇ ಬೇರೆ." ಮೇ ತಿಂಗಳಲ್ಲಿ ಭಟ್ಟಿಯ ಮುಂದೆ ನಿಂತವನಿಗೆ ಎಷ್ಟು ಬಿಸಿ ತಾಗುತ್ತದೆಂದು ಬಲ್ಲ ನಾವೇ ಈ ಮಾತು ಆಡಿದೆವು. ಏಕೆಂದರೆ ಅವನು ಅಲ್ಲಿ ನಿಂತರೆ ನಮ್ಮ ಸರದಿ ತಪ್ಪುತ್ತಿತ್ತು.

ಬಂಧುಗಳೇ, ಈ ಮಾತು ನಾವು ಹುಟ್ಟಿಸಿದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿ ಬಂದರಿನಿಂದ ಹೊರಡುತ್ತಿದ್ದ ಉಗಿಹಡಗುಗಳಲ್ಲಿ ಕಲ್ಲಿದ್ದಲು ಸುರಿಯುವ, ಬೆಂಕಿ ಕಾಯುವ ಕೆಲಸಕ್ಕೆ ಆಫ್ರಿಕ ಮೂಲದ ಸಿದ್ದಿ ಖಲಾಸಿಗಳನ್ನು ಹಾಕುತ್ತಿದ್ದರು. ಕಪ್ಪು ಮೈಗೆ ಬಿಸಿ ತಡೆಯುವ ಶಕ್ತಿ ಹೆಚ್ಚೆಂದು ಹಡಗಿನ ಸಾಹೇಬರು ಹೇಳುತ್ತಿದ್ದರು. ಮೇಲೆ ಗಾಳಿಯಲ್ಲಿ ಕುಳಿತವರು ಕೆಳಗೆ ಬೆಂಕಿಯ ಮುಂದೆ ನಿಂತವನ ಬಗ್ಗೆ ಹೇಳಿದ ಆ ಮಾತು ನೂರೈವತ್ತು ವರ್ಷಗಳ ನಂತರ ನಮ್ಮ ಬಾಯಿಗೆ ಬಂತು. ಯಾರ ಮಾತನ್ನು ಆಡುತ್ತಿದ್ದೇವೆಂಬ ಅರಿವೂ ನಮಗೆ ಇರಲಿಲ್ಲ.

ಸಿದ್ದಿ ಜನ ಯಾರು, ನಮ್ಮ ನಾಡಿಗೆ ಹೇಗೆ ಬಂದರು ಎಂದು ಆಗ ನಮಗೆ ತಿಳಿದಿರಲಿಲ್ಲ. ಅನಂತರ ಓದಿ, ಕೇಳಿ ತಿಳಿದದ್ದನ್ನು ಚಿಕ್ಕದಾಗಿ ಹೇಳುತ್ತೇವೆ. ಪೂರ್ವ ಆಫ್ರಿಕದ ಕರಾವಳಿಯಿಂದ ಅರಬರೂ ಪೋರ್ಚುಗೀಸರೂ ಶತಮಾನಗಳ ಕಾಲ ಜನರನ್ನು ಹಿಡಿದು, ಕೊಂಡು, ಮಾರಿ, ಹಡಗಿನಲ್ಲಿ ಇಲ್ಲಿಗೆ ತಂದರು. ಗೋವೆಯಲ್ಲಿ ಪೋರ್ಚುಗೀಸರ ಗುಲಾಮರಾಗಿದ್ದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಇರುವ ಸಿದ್ದಿಯರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕಾಡಿನಲ್ಲಿ ಹುಟ್ಟುವಳಿ ಕೂಡಿಸಿ, ಬೇರೆಯವರ ಅಡಿಕೆ ತೋಟಗಳಲ್ಲಿ ಕೂಲಿ ಮಾಡಿ ಬದುಕಿದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರು ಅದಕ್ಕಾಗಿ 2020ರ ತನಕ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮಾಜದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು.

ನಾವು ದುಡಿಯುವ ಈ ಮಹಾರಾಷ್ಟ್ರದಲ್ಲೂ ಅವರ ಗುರುತು ಇದೆ. ಮುರುಡಿನ ಹತ್ತಿರ ಸಮುದ್ರದ ನಡುವಿನ ಜಂಜಿರಾ ಕೋಟೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಸಿದ್ದಿ ನವಾಬರ ಆ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಇನ್ನು ಮಲಿಕ್ ಅಂಬರನ ಕಥೆ. ಇಥಿಯೋಪಿಯದಲ್ಲಿ ಹುಟ್ಟಿದ ಹುಡುಗ, ಒಬ್ಬ ಧಣಿಯಿಂದ ಇನ್ನೊಬ್ಬ ಧಣಿಗೆ ಮಾರಾಟವಾಗುತ್ತ ಅಹಮದನಗರಕ್ಕೆ ಬಂದ. ಕೊನೆಗೆ ಆ ರಾಜ್ಯದ ಆಡಳಿತವನ್ನೇ ಹಿಡಿದು ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. 1610ರಲ್ಲಿ ಅವನು ಕಟ್ಟಿಸಿದ ಖಡಕಿ ಎಂಬ ಊರೇ ಮುಂದೆ ಔರಂಗಾಬಾದ್ ಆಗಿ, ಈಗ ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿದೆ. ಅವನು ಆ ಊರಿಗೆ ನೆಲದೊಳಗಿನ ಕಾಲುವೆಗಳಿಂದ ನೀರು ತಂದ. ಅವನ ಹುಟ್ಟು ಹೆಸರು ಚಾಪು ಎಂದು ಚರಿತ್ರೆಕಾರರು ಹೇಳುತ್ತಾರೆ. ಅಂಬರ್ ಎಂಬುದು ಅವನನ್ನು ಕೊಂಡ ಧಣಿ ಇಟ್ಟ ಹೆಸರು. ರಾಜ್ಯ ಆಳಿದ ಮನುಷ್ಯನಿಗೂ ತಾಯಿ ತಂದೆ ಇಟ್ಟ ಹೆಸರು ಮರಳಿ ದಕ್ಕಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾವು ಆ ಹುಡುಗನಿಗೆ ಏನು ಹೆಸರಿಟ್ಟೆವು? 'ಕಾಲ್ಯಾ'. ಕೆಲವರು 'ಹಬ್ಶಿ' ಎಂದರು. ಒಬ್ಬ ಕ್ರಿಕೆಟ್ ಆಟಗಾರನ ಹೆಸರು ಹಿಡಿದು ಕೂಗುತ್ತಿದ್ದ. ಅವನು ಎಲ್ಲದಕ್ಕೂ ಓಗೊಟ್ಟ. ಓಗೊಡದಿದ್ದರೆ ಊಟದ ತಟ್ಟೆ ತಡವಾಗುತ್ತಿತ್ತು. ಓಗೊಟ್ಟ ಎಂಬುದನ್ನೇ ನಾವು ಒಪ್ಪಿಗೆ ಎಂದು ತಿಳಿದೆವು. ಅವನ ಕೂದಲನ್ನು ಕೈಯಿಂದ ಮುಟ್ಟಿ ನೋಡಿ ನಗುತ್ತಿದ್ದೆವು. ಖೋಲಿಯಲ್ಲಿ ಅವನಿಗೆ ಬಾಗಿಲ ಹತ್ತಿರ, ಎಲ್ಲರೂ ಚಪ್ಪಲಿ ಬಿಡುವ ಕಡೆ, ಜಾಗ ಕೊಟ್ಟೆವು. ಹೊಸಬನಿಗೆ ಆ ಜಾಗ ಎಂಬುದು ಖೋಲಿಯ ವಾಡಿಕೆ. ಆದರೆ ಅವನ ನಂತರ ಇಬ್ಬರು ಹೊಸಬರು ಬಂದರು. ಅವರು ಒಳಗೆ ಮಲಗಿದರು. ಅವನು ಬಾಗಿಲಲ್ಲೇ ಉಳಿದ.

ಅವನ ಕೌದಿಯ ಮೇಲೆ ಮಾತ್ರ ಎಲ್ಲರಿಗೂ ಆಸೆ. ಹಳೆಯ ಸೀರೆ, ಅಂಗಿ, ಲುಂಗಿಗಳ ಚೂರುಗಳನ್ನು ಸಾಲು ಸಾಲಾಗಿ ಜೋಡಿಸಿ ಅವನ ತಾಯಿ ಹೊಲಿದದ್ದು. ಚಳಿಗಾಲದಲ್ಲಿ ಖಾಡಿಯ ಗಾಳಿ ಬೀಸುವಾಗ ಸರದಿಯ ಮೇಲೆ ಅದನ್ನು ಹೊದ್ದುಕೊಂಡಿದ್ದೇವೆ. ಅದರ ಮೂಲೆಗಳಲ್ಲಿ ಮಡಿಸಿ ಹೊಲಿದ ಚಿಕ್ಕ ಬಟ್ಟೆಯ ಚೂರುಗಳಿದ್ದವು. ಅವು ಏತಕ್ಕೆಂದು ಕೇಳಿದರೆ, "ಅದಕ್ಕೆ ಫೂಲ ಅಂತಾರೆ ಅಣ್ಣ. ಅದಿಲ್ಲದಿದ್ದರೆ ಕೌದಿ ಬತ್ತಲೆ ಇದ್ದ ಹಾಗೆ" ಎಂದ. ಆ ಕೌದಿಯನ್ನು ಹೊದ್ದೆವು. ಹೊಲಿದ ತಾಯಿಯ ಮಗನ ಹೆಸರನ್ನು ಕೇಳಲಿಲ್ಲ.

ಬೀದಿಯಲ್ಲಿ ಅವನ ದಿನ ಹೇಗಿತ್ತು? ಒಮ್ಮೆ ಕಲ್ಯಾಣಿಗೆ ಹೋಗುವಾಗ ಲೋಕಲಿನಲ್ಲಿ ನಾವೂ ಜೊತೆಗಿದ್ದೆವು. ಗಾಡಿ ತುಂಬಿ ಜನ ಬಾಗಿಲಲ್ಲಿ ನೇತಾಡುತ್ತಿದ್ದರೂ ಅವನ ಮಗ್ಗುಲಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಮಕ್ಕಳು ಬೆರಳು ತೋರಿಸಿ ತಾಯಿಯ ಸೆರಗು ಹಿಡಿದರು. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಒಬ್ಬ ಸಿಪಾಯಿ ಅವನೊಬ್ಬನನ್ನೇ ನಿಲ್ಲಿಸಿ ಪಾಸ್‌ಪೋರ್ಟ್ ಕೇಳಿದ. ಅವನು ಆಧಾರ್ ಕಾರ್ಡು ತೆಗೆದುಕೊಟ್ಟ. ಸಿಪಾಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನು ಎಲ್ಲಿ ಮಾಡಿಸಿದೆ?" ಎಂದ. ಅರ್ಧ ಗಂಟೆ ಹೋಯಿತು. ನಾವು ಹತ್ತು ಮಾರು ದೂರದಲ್ಲಿ ನಿಂತು ಬೀಡಿ ಹಚ್ಚಿದೆವು. ಹತ್ತಿರ ಹೋಗಿ 'ಇವನು ನಮ್ಮೂರಿನವನು ಸಾಹೇಬ್' ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಅವನು ಹಿಂದಿರುಗಿ ಬಂದು, "ನಡೀರಿ ಅಣ್ಣ, ಇದು ದಿನಾ ಇದ್ದದ್ದೇ" ಎಂದ.

ಮುಂದೆ ನವಿ ಮುಂಬಯಿಯ ಕಡೆ ಹೆಚ್ಚು ಪಗಾರದ ಕೆಲಸವೊಂದು ಸಿಗುವ ಹಾಗಿತ್ತು. ಅಲ್ಲಿ ಖೋಲಿ ನೋಡಲು ಹೋದ. ಫೋನಿನಲ್ಲಿ ಅವನ ಮಾತು ಕೇಳಿ ಒಪ್ಪಿದ ದಲಾಲಿ, ಮುಖ ನೋಡಿದ ಕೂಡಲೇ, "ಸೊಸಾಯಿಟಿಯಲ್ಲಿ ಆಫ್ರಿಕದವರಿಗೆ ಕೊಡುವುದಿಲ್ಲ" ಎಂದ. ಇವನು ಯಲ್ಲಾಪುರ ಎಂದ. ಆಫ್ರಿಕದವನಾದರೆ ತಪ್ಪೇನು ಎಂದೂ ಕೇಳಿದನಂತೆ. ಆ ಎರಡನೆಯ ಪ್ರಶ್ನೆಯನ್ನು ನಾವು ಗಮನಿಸಬೇಕು. ಓದಲು, ವ್ಯಾಪಾರಕ್ಕೆ ಎಂದು ಆ ಖಂಡದಿಂದ ಬಂದವರಿಗೂ ಮಳೆ ಬಂದರೆ ತಲೆಯ ಮೇಲೆ ಸೂರು ಬೇಕು. ಇವನು ಭಾರತದವನೆಂದು ಸಾಬೀತು ಮಾಡಿದರೆ ಮಾತ್ರ ಮನುಷ್ಯ, ಇಲ್ಲದಿದ್ದರೆ ಅಲ್ಲ ಎಂಬ ನ್ಯಾಯ ನ್ಯಾಯವಲ್ಲ.

ಇದೆಲ್ಲ ಮುಂಬಯಿಯ ದೋಷ, ನಮ್ಮ ಕನ್ನಡ ನಾಡಿನಲ್ಲಿ ಇಂಥದ್ದಿಲ್ಲ ಎಂದು ಯಾರೂ ಸಮಾಧಾನಪಡಬೇಡಿ. 2016ರ ಜನವರಿ 31ರ ರಾತ್ರಿ ಬೆಂಗಳೂರಿನಲ್ಲಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಂಗಸು ತೀರಿಕೊಂಡರು. ಅದೇ ದಾರಿಯಲ್ಲಿ ಅನಂತರ ಬಂದ, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು. ಬಣ್ಣ ಒಂದೇ ಎಂಬುದಷ್ಟೇ ಅವಳ ಅಪರಾಧ. ನಮ್ಮ ರಾಜಧಾನಿಯಲ್ಲಿ, ನಮ್ಮ ಭಾಷೆಯ ಊರಿನಲ್ಲಿ ಇದು ನಡೆಯಿತು.

ಈಗ ಮುಖ್ಯ ಸಂಗತಿಗೆ ಬರುತ್ತೇವೆ. 2019ರ ಕೊನೆಯಲ್ಲಿ ಒಂದು ರಾತ್ರಿ ಕಾದ ಎಣ್ಣೆಯ ಕಡಾಯಿ ಜಾರಿ ಅವನ ಬಲಗೈ ಮೊಣಕೈವರೆಗೆ ಸುಟ್ಟಿತು. ಬಿಸಿ ತಾಗುವುದಿಲ್ಲ ಎಂದಿದ್ದೆವಲ್ಲ, ಅವನ ಕೂಗು ಬೀದಿಗೆ ಕೇಳಿಸಿತು. ನಾವಿಬ್ಬರು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಕಿಟಕಿಯಲ್ಲಿ ಕೇಸ್ ಪೇಪರು ಬರೆಯುವವರು, "ಪೇಶಂಟಿನ ಹೆಸರು?" ಎಂದರು. ನಾವು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದೂವರೆ ವರ್ಷ ಅವನ ಮಗ್ಗುಲಿಗೆ ಮಲಗಿದ್ದೆವು. ಅವನ ಕೌದಿ ಹೊದ್ದಿದ್ದೆವು. ಹೆಸರು ಗೊತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಅವನೇ ಹೇಳಿದ: ತನ್ನ ಹೆಸರು, ತಂದೆಯ ಹೆಸರು, ಸಿದ್ದಿ, ಊರು, ತಾಲೂಕು, ಜಿಲ್ಲೆ. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಂದನ್ನೂ ಬಿಡದೆ ಹೇಳಿದ. ಆ ಕಿಟಕಿಯ ಮುಂದೆ ನಾವು ಪಟ್ಟ ನಾಚಿಕೆ ನಮ್ಮ ವೈರಿಗೂ ಬೇಡ.

ನಾಚಿಕೆ ನಮ್ಮದು, ಆದರೆ ನಷ್ಟ ಅವನದು. ಪರಿಹಾರ ಕೇಳಲು ಹೋದಾಗ ಹೊಟೇಲಿನ ಮಸ್ಟರಿನಲ್ಲಿ ಅವನ ಹೆಸರೇ ಇರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋದ ಇನ್ನೊಬ್ಬನ ಹೆಸರನ್ನೇ ಮುಂದುವರಿಸಿದ್ದರು. ಗಲ್ಲಾದ ಪಗಾರದ ಪುಸ್ತಕದಲ್ಲಿ 'ಕಾಲ್ಯಾ' ಎಂದಿತ್ತು. ಇಎಸ್‌ಐ ಕಚೇರಿಯಲ್ಲಿ 'ಕಾಲ್ಯಾ' ಎಂಬವನು ಯಾರು? ಯಾರೂ ಅಲ್ಲ. ಕಾರ್ಮಿಕರ ಕಾಯಿದೆ ಎಷ್ಟೇ ಒಳ್ಳೆಯದಿರಲಿ, ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಅದು ಮುಚ್ಚಿದ ಬಾಗಿಲು. ನಮ್ಮ ತಮಾಷೆಯ ಹೆಸರು ಧಣಿಗೆ ಲಾಭದ ಹೆಸರಾಯಿತು. ಧಣಿ ಎರಡು ಸಾವಿರ ಕೈಗಿಟ್ಟು ಲೆಕ್ಕ ಮುಗಿಸಿದರು. ಉಳಿದದ್ದನ್ನು ಖೋಲಿಯವರು ಐನೂರು ಐನೂರು ಕೂಡಿಸಿದೆವು. ಅದನ್ನು ಉಪಕಾರವೆಂದು ಯಾರೂ ಬರೆದುಕೊಳ್ಳಬೇಡಿ.

ಈ ಘಟನೆಯ ನಂತರವೇ ನಾವು ಸಂಘದ ಕೆಲಸಕ್ಕೆ ಇಳಿದದ್ದು. ಬೇರೆ ದೇಶದ ಕಪ್ಪು ಕಾರ್ಮಿಕರು ಏನು ಮಾಡಿದರು ಎಂದು ಹುಡುಕಿ ಓದಿದೆವು. ನಮ್ಮಂಥವರದೇ ಕಥೆಗಳು ಸಿಕ್ಕಿದವು.

ಅಮೇರಿಕದಲ್ಲಿ ಪುಲ್ಮನ್ ಎಂಬ ರೈಲು ಕಂಪನಿ ಇತ್ತು. ಶ್ರೀಮಂತರು ರಾತ್ರಿ ಮಲಗಿ ಪ್ರಯಾಣ ಮಾಡುವ ಬೋಗಿಗಳು ಅವರವು. ಹಾಸಿಗೆ ಹಾಸಲು, ಬೂಟು ಒರೆಸಲು, ಸಾಮಾನು ಹೊರಲು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು, ಅವರ ನಂತರ ಅವರ ಮಕ್ಕಳನ್ನು, ಪೋರ್ಟರುಗಳಾಗಿ ಇಟ್ಟುಕೊಂಡರು. ಪ್ರಯಾಣಿಕರು ಅವರೆಲ್ಲರನ್ನೂ ಒಂದೇ ಹೆಸರಿನಿಂದ ಕೂಗುತ್ತಿದ್ದರು: 'ಜಾರ್ಜ್'. ಕಂಪನಿಯ ಧಣಿಯ ಹೆಸರು ಜಾರ್ಜ್ ಪುಲ್ಮನ್. ಗುಲಾಮನಿಗೆ ಧಣಿಯ ಹೆಸರು ಎಂಬ ಹಳೆಯ ಪದ್ಧತಿ ಗುಲಾಮಗಿರಿ ಹೋದ ಮೇಲೂ ಹೀಗೆ ಉಳಿದಿತ್ತು. 1925ರ ಆಗಸ್ಟ್ 25ರಂದು ನ್ಯೂಯಾರ್ಕಿನಲ್ಲಿ ಈ ಪೋರ್ಟರುಗಳು ತಮ್ಮದೇ ಸಂಘ ಕಟ್ಟಿದರು. ಮುಂದಾಳು ಎ. ಫಿಲಿಪ್ ರಾಂಡಾಲ್ಫ್. ಅವರು ಪೋರ್ಟರಾಗಿರಲಿಲ್ಲ, ಆದ್ದರಿಂದಲೇ ಕಂಪನಿಗೆ ಅವರನ್ನು ಕೆಲಸದಿಂದ ತೆಗೆಯುವ ದಾರಿ ಇರಲಿಲ್ಲ. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿದರು. ತಿಂಗಳಿಗೆ ಸುಮಾರು 400 ಗಂಟೆ ಇದ್ದ ಕೆಲಸ 240 ಗಂಟೆಗೆ ಇಳಿಯಿತು. ಪೋರ್ಟರನ ನಿಜವಾದ ಹೆಸರನ್ನು ಬೋಗಿಯಲ್ಲಿ ಬರೆದು ಹಾಕುವ ಪದ್ಧತಿ ಆ ಒಪ್ಪಂದಕ್ಕೆ ಮೊದಲೇ ಬಂದಿತ್ತು. ಅದೇ ರಾಂಡಾಲ್ಫರು 1963ರಲ್ಲಿ, ತಮ್ಮ 74ನೇ ವಯಸ್ಸಿನಲ್ಲಿ, ವಾಷಿಂಗ್ಟನ್ನಿನ ಮಹಾ ಮೆರವಣಿಗೆಯ ಮುಂದಾಳಾಗಿದ್ದರು. ಅಲ್ಲೇ ಮಾರ್ಟಿನ್ ಲೂಥರ್ ಕಿಂಗರು ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದು.

ಕಿಂಗರು ಪ್ರಾಣ ಬಿಟ್ಟದ್ದೂ ಕಾರ್ಮಿಕರ ಕೆಲಸಕ್ಕೆ ಹೋದಾಗಲೇ. 1968ರ ಫೆಬ್ರುವರಿಯಲ್ಲಿ ಮೆಂಫಿಸ್ ನಗರದಲ್ಲಿ ಕಸ ಎತ್ತುವ ಇಬ್ಬರು ಕಪ್ಪು ಕಾರ್ಮಿಕರು, ಮಳೆಯಿಂದ ತಪ್ಪಿಸಿಕೊಳ್ಳಲು ಲಾರಿಯೊಳಗೆ ನಿಂತಿದ್ದಾಗ, ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಮಂದಿ ಮುಷ್ಕರ ಹೂಡಿದರು. ಅವರು ಕುತ್ತಿಗೆಗೆ ತೂಗುಹಾಕಿಕೊಂಡ ಫಲಕದಲ್ಲಿ ಪಗಾರದ ಅಂಕಿ ಇರಲಿಲ್ಲ. ತಾನೊಬ್ಬ ಮನುಷ್ಯ ಎಂಬುದಷ್ಟೇ ಬರೆದಿತ್ತು. ಅವರ ಬೆಂಬಲಕ್ಕೆ ಹೋದ ಕಿಂಗರನ್ನು ಏಪ್ರಿಲ್ 4ರಂದು ಗುಂಡಿಟ್ಟು ಕೊಂದರು. ಹನ್ನೆರಡು ದಿನಗಳ ನಂತರ ನಗರಸಭೆ ಸಂಘವನ್ನು ಒಪ್ಪಿಕೊಂಡಿತು. ಪಗಾರಕ್ಕಾಗಿ ಹೋರಾಡುವವರು ಮೊದಲು ಮನುಷ್ಯನೆಂದು ಏಕೆ ಬರೆದುಕೊಂಡರು? ಮನುಷ್ಯನೆಂದು ಒಪ್ಪದವನಿಗೆ ಯಾರೂ ನ್ಯಾಯವಾದ ಪಗಾರ ಕೊಡುವುದಿಲ್ಲ. ಇದನ್ನು ನಮಗೆ ಆ ಆಸ್ಪತ್ರೆಯ ಕಿಟಕಿ ಕಲಿಸಿತು.

ಕೆಲವರು ಹೇಳುತ್ತಾರೆ: ಒಗ್ಗಟ್ಟು ಮುಖ್ಯ, ಇಂಥ ಮಾತು ಎತ್ತಿದರೆ ಸಂಘ ಒಡೆಯುತ್ತದೆ. ಗಿರಣಿಯ ಹಿರಿಯರನ್ನು ಕೇಳಿ. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಪಗಾರದ ನೇಯ್ಗೆ ಖಾತೆಗೆ ದಲಿತರನ್ನು ಬಿಡುತ್ತಿರಲಿಲ್ಲ. ನೂಲು ಕಡಿದಾಗ ಲಾಳಿಯ ತೂತಿನಿಂದ ಬಾಯಲ್ಲಿ ಎಳೆಯಬೇಕಾಗಿತ್ತು. ಅವರ ಎಂಜಲು ತಾಗುತ್ತದೆಂದು ಜೊತೆಯ ಕಾರ್ಮಿಕರೇ ತಡೆದರು. 1928ರ ಮುಷ್ಕರದ ಕಾಲದಲ್ಲಿ ಡಾ. ಅಂಬೇಡ್ಕರರು ಈ ಪ್ರಶ್ನೆ ಎತ್ತಿದಾಗಲೂ ಒಗ್ಗಟ್ಟಿನ ಮಾತು ಬಂದಿತ್ತು. ಒಗ್ಗಟ್ಟು ಒಡೆದದ್ದು ಪ್ರಶ್ನೆಯಿಂದಲೋ, ಎಂಜಲಿನ ಲೆಕ್ಕದಿಂದಲೋ? ನೀವೇ ಹೇಳಿ.

ಇನ್ನು ಕೆಲವರು ಇದು ಬರೀ ತಮಾಷೆ ಎನ್ನುತ್ತಾರೆ. ನಮ್ಮ ಹೊಟೇಲುಗಳ ಗಲ್ಲಾದ ಮೇಲೆ ಕೃಷ್ಣನ ಪಟ ಇರುತ್ತದೆ. ಕೃಷ್ಣ ಎಂದರೇ ಕಪ್ಪು. ಪಂಢರಪುರದ ವಿಠೋಬ ಕಪ್ಪು. ನಮ್ಮ ಹಳ್ಳಿಗಳಲ್ಲಿ ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೆ ಪ್ರೀತಿಯಿಂದ ಹೆಸರಿಡುತ್ತಾರೆ. ತಾಯಿ ಇಟ್ಟರೆ ಅದು ಹೆಸರು. ಕೆಲಸಕ್ಕೆ ಬಂದ ಹುಡುಗನಿಗೆ, ಅವನ ಹೆಸರನ್ನೇ ಕೇಳದೆ, ನಾವು ಅಂಟಿಸಿದರೆ ಅದು ಹೆಸರಲ್ಲ, ಬರೆ. ಹಿರಿಯರನ್ನು ನಾವು ಹೆಸರು ಹಿಡಿದು ಕರೆಯದೆ ಅಣ್ಣ ಎನ್ನುತ್ತೇವೆ. ಅದು ಗೌರವ, ಹೆಸರು ಗೊತ್ತಿದ್ದೇ ಹಾಗೆ ಕರೆಯುತ್ತೇವೆ.

ಆ ಹುಡುಗ ಈಗ ಕಲ್ಯಾಣಿನ ಕಡೆ ಒಂದು ಹೊಟೇಲಿನಲ್ಲಿ ಇದ್ದಾನೆ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಈ ಸಭೆಗೆ ಬಂದು ನೀನೇ ನಾಲ್ಕು ಮಾತು ಆಡು ತಮ್ಮಾ ಎಂದು ಫೋನು ಮಾಡಿದೆವು. "ನಾನ್ಯಾಕೆ ಬರಲಿ ಅಣ್ಣ? ಕರೆದವರು ನೀವು, ನೀವೇ ಹೇಳಿ" ಎಂದ. ನಿನ್ನ ಹೆಸರನ್ನು ಸಭೆಯಲ್ಲಿ ಹೇಳಬಹುದೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ. ನನ್ನ ಹೆಸರು ಮಸ್ಟರಿನಲ್ಲಿ ಬರಲಿ, ಭಾಷಣದಲ್ಲಿ ಬೇಡ" ಎಂದ. ಆದ್ದರಿಂದ ಇಷ್ಟು ಹೊತ್ತು ಹೆಸರಿನ ಬಗ್ಗೆಯೇ ಮಾತಾಡಿದರೂ ಅವನ ಹೆಸರು ಹೇಳಿಲ್ಲ. ಅವನು ನಮ್ಮನ್ನು ಕ್ಷಮಿಸಿದ್ದಾನೋ ಇಲ್ಲವೋ ಎಂದು ಕೇಳಲೂ ಇಲ್ಲ. ಅದನ್ನು ಕೇಳುವ ಹಕ್ಕು ನಮಗಿಲ್ಲ.

ಈ ಸಭೆಯ ಮುಂದೆ ನಮ್ಮ ನಾಲ್ಕು ಸೂಚನೆಗಳಿವೆ. ಒಂದು: ಸಂಘವೇ ಒಂದು ಹೆಸರಿನ ಪುಸ್ತಕ ಇಡಬೇಕು. ನಮ್ಮ ಜೊತೆ ದುಡಿಯುವ ಪ್ರತಿಯೊಬ್ಬನ ಪೂರ್ತಿ ಹೆಸರು, ಊರು, ಮನೆಯವರ ಫೋನು ಅದರಲ್ಲಿರಬೇಕು. ಕನ್ನಡದವರು ಮಾತ್ರವಲ್ಲ, ಬಿಹಾರದವರು, ನೇಪಾಳದವರು, ಒಡಿಶಾದವರು, ಎಲ್ಲರೂ. ಎರಡು: ಪ್ರತಿ ಹೊಟೇಲಿನಲ್ಲಿ ನಮ್ಮ ಪ್ರತಿನಿಧಿ ತಿಂಗಳಿಗೊಮ್ಮೆ ಮಸ್ಟರು ನೋಡಿ, ಪುಸ್ತಕದೊಡನೆ ತಾಳೆ ಹಾಕಬೇಕು. ಮೂರು: ಭಟ್ಟಿಯ ಕೆಲಸ ಸರದಿಯ ಮೇಲೆ ನಡೆಯಬೇಕು, ಚರ್ಮ ನೋಡಿ ಯಾರನ್ನೂ ಬೆಂಕಿಯ ಮುಂದೆ ನಿಲ್ಲಿಸಕೂಡದು. ನಾಲ್ಕು: ಬಣ್ಣದ, ಜಾತಿಯ, ಮತದ ಕಾರಣಕ್ಕೆ ಖೋಲಿ ಸಿಗದ ಸದಸ್ಯನ ಜೊತೆ ಸಂಘದ ಇಬ್ಬರು ಹೋಗಿ ದಲಾಲಿಯ ಮುಂದೆ ನಿಲ್ಲಬೇಕು. ಪೊಲೀಸರು ತಡೆದರೂ ಹಾಗೆಯೇ. ಹತ್ತು ಮಾರು ದೂರದಲ್ಲಿ ಬೀಡಿ ಹಚ್ಚಿಕೊಂಡಲ್ಲ.

ಪುಸ್ತಕವನ್ನು ತಂದಿದ್ದೇವೆ. ಮೊದಲ ಸಾಲಿನಿಂದ ಈಗ ನಿಮ್ಮ ಕೈಗೆ ಬರುತ್ತದೆ. ನಿಮ್ಮ ಹೆಸರು ಬರೆಯುವ ಮೊದಲು, ನಿಮ್ಮ ಖೋಲಿಯಲ್ಲಿ ಬಾಗಿಲ ಹತ್ತಿರ ಮಲಗುವವನ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಆ ಸಾಲನ್ನು ಖಾಲಿ ಬಿಡಿ. ಇಂದು ರಾತ್ರಿ ಕೇಳಿಕೊಂಡು, ನಾಳೆ ಬಂದು ತುಂಬಿಸಿ.